ಖಾಸಿಂ ಸಾಬರ ಹೆಣ್ಣುಮಕ್ಕಳು

ಮಧ್ಯಾಹ್ನ ಹನ್ನೆರಡು ಹತ್ತು. ಮಿಡಿಗೇಶಿ ದಾಟಿದ ಮೇಲೆ ಒಂದು ಬಿಳಿ ಜೀಪು ನನ್ನ ಬೈಕಿಗೆ ಹಿಂದಿನಿಂದ ಗುದ್ದಿತು.

ನಾನು ಕಡಲೆಕಾಯಿ ಹೊಲದಲ್ಲಿ ಬಿದ್ದೆ. ಹಿಂದೆ ಕೂತಿದ್ದ ಇಮಾಮ್ ಸಾಬ್ ನನ್ನ ಮೇಲೆ ಬಿದ್ದರು. ಅವರಿಗೆ ಎಂಬತ್ತೆರಡು ವರ್ಷ.

“ಸಾಬ್ರೇ, ಏಟಾಯ್ತಾ?”

“ಕೈ ಮುರಿದಿರ್ಬೇಕು... ಬಾಯಿ ಚೆಂದಾಗೈತೆ. ಎಬ್ಬುಸು, ರಾಜು!”

ನನಗೆ ಬೇಕಿದ್ದದ್ದು ಆ ಬಾಯಿಯೇ.

ಯಾಕೆಂದು ಹೇಳುತ್ತೇನೆ, ಕೇಳಿ. ನನ್ನ ಹೆಸರು ಭೀಮರಾಜು. ಹಿಂದೆ ಪತ್ರಿಕೆಯಲ್ಲಿ ವರದಿಗಾರ. ಈಗ ಕೇಳಿದವರಿಗೆ ವಂಶವೃಕ್ಷ ಬರೆದುಕೊಡುತ್ತೇನೆ. ಶಿರಾದ ನದೀಮ್ ನನ್ನ ಗಿರಾಕಿ. ಆದವಾನಿಯಿಂದ ವಲಸೆ ಬಂದು, ಶಿರಾದಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಖಾಸಿಂ ಸಾಬ್ ಆ ಮನೆತನದ ಮೂಲಪುರುಷ. ಹೆದ್ದಾರಿ ಪಕ್ಕ ಆ ಖಾಂದಾನಿಗೆ ಸ್ವಂತ ಖಬರಸ್ತಾನವಿದೆ. ಉಸ್ತುವಾರಿ ನದೀಮನದು. ಅಲ್ಲಿ ಮಣ್ಣಾಗುವ ಹಕ್ಕು ಯಾರಿಗಿದೆ ಎಂದು ತೋರಿಸುವ ಶಜರಾ, ಅಂದರೆ ವಂಶವೃಕ್ಷ, ಅವನಿಗೆ ಬೇಕಿತ್ತು.

“ಹೆಣ್ಣುಮಕ್ಕಳ ಸಾಲು ತೆಗೀರಿ, ರಾಜಣ್ಣ. ನಮ್ಮಲ್ಲಿ ಗಂಡು ಸಂತಾನ ಮಾತ್ರ ಲೆಕ್ಕ” ಎಂದಿದ್ದ.

ತೆಗೆದೆ. ನದೀಮನ ಅಜ್ಜ ಗಾಳಿಯಲ್ಲಿ ನಿಂತ!

ಆ ಅಜ್ಜನ ಮೇಲೆ ಖಾಸಿಂ ಸಾಬರವರೆಗೆ ಒಬ್ಬ ಗಂಡಸೂ ಸಿಗಲಿಲ್ಲ. ಪಾವಗಡದ ಇಮಾಮ್ ಸಾಬರನ್ನು ಕೇಳಬೇಕು ಎಂದುಕೊಂಡಿದ್ದೆ. ಖಾಂದಾನಿನಲ್ಲಿ ಉಳಿದ ಹಿರಿಯ ಅವರೊಬ್ಬರೇ.

ಅಷ್ಟರಲ್ಲಿ, ಅದೇ ಬೆಳಿಗ್ಗೆ, ಶಾಜಿಯಾ ಫೋನ್ ಮಾಡಿದರು. ಶಿರಾದಲ್ಲಿ ಸ್ಕೂಲ್ ಟೀಚರ್. ನಾನು ತೆಗೆದುಹಾಕಿದ ಹೆಣ್ಣುಮಕ್ಕಳ ಸಾಲಿನವರು.

“ಸರ್, ಅಮ್ಮಿ ಹೋಗ್ಬುಟ್ರು... ಅವರ ತಾಯಿ ಪಕ್ಕ ಮಣ್ಣು ಮಾಡ್ಬೇಕು. ಅದೊಂದೇ ಕೇಳಿದ್ದು ಅವರು. ನದೀಮ್ ಭಾಯಿ ಗೇಟಿಗೆ ಬೀಗ ಹಾಕವ್ರೆ!”

“ಏನಂತಾರೆ?”

“ಹೆಣ್ಣಿನ ಕಡೆಯೋರಿಗೆ ಜಾಗ ಇಲ್ಲವಂತೆ. ಸಾಯಂಕಾಲದ ಅಸರ್ ನಮಾಜಿನ ತನಕ ಟೈಮು. ನಮಗೆ ಹಕ್ಕಿದೆ ಅನ್ನೋಕೆ ಸಾಕ್ಷಿ ಎದುರಿಗೇ ಬರ್ಬೇಕು ಅಂದ್ರು ಮುಜೀಬ್ ಚಾಚಾ. ಫೋನು ನಡೆಯಲ್ಲವಂತೆ.”

ಮುಜೀಬ್ ಮಸೀದಿ ಜಮಾತಿನ ಹಿರಿಯರು. ಸತ್ತಾಕೆ ಶಾಜಿಯಾರ ತಾಯಿ ನಜ್ಮುನ್ನೀಸಾ. ನದೀಮನಿಗೆ ಆ ಜಾಗದಲ್ಲಿ ಅಂಗಡಿ ಕಾಂಪ್ಲೆಕ್ಸ್ ಎಬ್ಬಿಸಬೇಕಿತ್ತು. ಹಳೇ ಗೋರಿಗಳನ್ನು ಜನ ಮರೆಯುತ್ತಾರೆ. ಹಸಿ ಗೋರಿಯನ್ನು ಮರೆಯುವುದಿಲ್ಲ.

ಪಾವಗಡಕ್ಕೆ ಹೋದೆ. ಇಮಾಮ್ ಸಾಬ್ ಎರಡೇ ಮಾತಿನಲ್ಲಿ ಗಂಟು ಬಿಚ್ಚಿದರು. ಬೈಕಿಗೆ ಹತ್ತಿಸಿಕೊಂಡೆ.

ಅಲ್ಲಿ ಒಂದು ತಪ್ಪು ಮಾಡಿದೆ. ಪತ್ರಿಕೆಯಲ್ಲಿ ಕಲಿತದ್ದು: ಬರೆಯುವ ಮೊದಲು ಎದುರು ಕಡೆಯವನನ್ನೂ ಕೇಳಬೇಕು. ನದೀಮನಿಗೆ ಫೋನ್ ಮಾಡಿ ಕೇಳಿದೆ.

ಉತ್ತರಕ್ಕೆ ಜೀಪು ಬಂತು. ಎದುರಿಗೆ ಹಾದುಹೋಗಿ, ತಿರುಗಿ, ಬೆನ್ನು ಹತ್ತಿತ್ತು.

ಅದರಿಂದ ಇಬ್ಬರು ಇಳಿದರು. ಮುಂದಿದ್ದವನು ಅಂಬರೀಶ್, ನದೀಮನ ಡ್ರೈವರ್. ಕೈಯಲ್ಲಿ ವೀಲ್ ಸ್ಪ್ಯಾನರ್.

“ಬ್ಯಾಗ್ ಕೊಡು.”

ಕೊಟ್ಟೆ. ನಾಲ್ಕು ತಿಂಗಳ ಕೆಲಸ. ಏನೂ ಅನ್ನಿಸಲಿಲ್ಲ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅದೂ ಬೇರೆ ಯಾರದೋ ಕಾಲು ಎನ್ನುವ ಹಾಗಿತ್ತು.

“ಮುದುಕನ್ನ ಹತ್ತುಸ್ಲಾ ಜೀಪಿಗೆ! ಪಾವಗಡಕ್ಕೆ ವಾಪಸ್ ಬುಟ್ಬರಾನ.”

“ಏಮಿರಾ ಅಂಬರೀಶಾ” ಎಂದು ತೆಲುಗಿನಲ್ಲಿ ಶುರುಮಾಡಿದರು ಇಮಾಮ್ ಸಾಬ್. “ಬರುವಾಗ ಕೇಳ್ದೇನೇ ಗುದ್ದಿದೆ. ಹೋಗುವಾಗ್ಲಾದ್ರೂ ಬರ್ತೀಯಾ ಅಂತ ಕೇಳ್ಬಾರ್ದಾ?”

ಇನ್ನೊಬ್ಬ ಅವರ ಮುರಿದ ಕೈಯನ್ನೇ ಹಿಡಿದು ಎಳೆದ. ಮುದುಕರು ಕೂಗಿದರು.

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ಏಳೆಂಟು ಜನ. ಎಲ್ಲರ ಕೈಯಲ್ಲೂ ಕುಡುಗೋಲು.

“ಲೇ! ಮುದುಕನ್ನ ಎಳೀತೀಯೇನ್ಲಾ? ನಿನ್ ಕೈ ಸೇದೋಗ!” ಎನ್ನುತ್ತಾ ಬಂದಾಕೆ ಹೊಲದ ಒಡತಿ ಪಟಾಲಮ್ಮ. “ನನ್ ಬೆಳೆ ಬೇರೆ ತುಳಿದವ್ನೆ, ಹಿಡೀರೇ ಅವ್ನ!”

ಅಂಬರೀಶ್ ಸ್ಪ್ಯಾನರ್ ಎತ್ತಿದ. ಕುಡುಗೋಲುಗಳನ್ನು ನೋಡಿದ. ಇಳಿಸಿದ.

ನಮಗೆ ಅಷ್ಟೇ ಸಾಕಾಯಿತು. ಬೈಕ್ ಎತ್ತಿದೆ. ಮೂರನೇ ಕಿಕ್ಕಿಗೆ ಸ್ಟಾರ್ಟ್!

ಮಧುಗಿರಿಯವರೆಗೆ ಜೀಪು ಬೆನ್ನು ಬಿಡಲಿಲ್ಲ. ಊರೊಳಗೆ ಸಂದಿಗಳಲ್ಲಿ ನುಗ್ಗಿದೆ. ಬಡವನಹಳ್ಳಿ ಕಡೆಗೆ ಬಂಡಿ ಜಾಡು ಹಿಡಿದೆ. ಇಮಾಮ್ ಸಾಬ್ ಒಂದೇ ಕೈಯಲ್ಲಿ ನನ್ನ ಅಂಗಿ ಹಿಡಿದಿದ್ದರು.

“ನಿಧಾನ ಕಣ್ಲಾ! ನಾನು ಶಿರಾಕ್ಕೆ ಮಾತಾಡಕ್ಕೆ ಬರ್ತಿರೋದು, ಮಣ್ಣಾಗಕ್ಕಲ್ಲ!”

ಜಾಡಿನಲ್ಲಿ ಪಂಕ್ಚರ್ ಬೇರೆ. ಖಬರಸ್ತಾನ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಗೇಟಿನ ಹೊರಗೆ ಜನಾಜಾ, ಅಂದರೆ ಶವದ ಮಂಚ, ಇಳಿಸಿದ್ದರು. ಮುಜೀಬ್ ಹೇಳಿ ಬೀಗ ತೆಗೆಸಿದರು. ಗಂಡಸರೆಲ್ಲ ಒಳಗೆ ಹೋದೆವು.

ನದೀಮ್ ಎದುರಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ನಗು ಬೇರೆ!

“ಚಾಚಾ, ಈ ವಯಸ್ಸಲ್ಲಿ ಯಾಕೆ ತೊಂದ್ರೆ ತಗೊಂಡ್ರಿ?”

“ಅದು ಬುಡು. ನಿನ್ ದಾದಾನ ಅಪ್ಪನ ಗೋರಿ ತೋರ್ಸು.”

ಎಲ್ಲರೂ ಆ ದಾದಾನ, ಅಂದರೆ ನದೀಮನ ಅಜ್ಜನ, ಗೋರಿಯ ಕಡೆ ತಿರುಗಿದರು. ಆ ಖಾಂದಾನಿನಲ್ಲಿ ಮಗನ ಗೋರಿಯನ್ನು ಅಪ್ಪನ ಕಾಲ ಬಳಿ ತೋಡುವುದು ಪದ್ಧತಿ. ನದೀಮನ ತಂದೆ ಅಜ್ಜನ ಕಾಲ ಬಳಿ ಇದ್ದರು. ಅಜ್ಜನ ತಲೆಯ ಕಡೆ ಒಂದು ಬೇವಿನ ಮರವಿತ್ತು. ಗೋರಿ ಇರಲಿಲ್ಲ.

“ಹಳೇದು... ಕುಸಿದೋಗಿದೆ.”

“ಕುಸಿದಿಲ್ಲ ಕಣಪ್ಪಾ. ಹಿಂದೂಪುರದಲ್ಲಿ ಗಟ್ಟಿಯಾಗೈತೆ. ನಿನ್ ದಾದಾ ಅಲ್ಲಿಂದ ಮನೆ ಅಳಿಯನಾಗಿ ಬಂದೋನು. ಖಾಸಿಂ ಸಾಬ್ರ ರಕ್ತ ನಿನ್ ದಾದೀದು, ಅವನ ಹೆಂಡ್ತೀದು.”

“ಸುಳ್ಳು! ಮುದುಕನಿಗೆ ತಲೆ ಕೆಟ್ಟಿದೆ!”

ಒಂದು ಬಾಯಿ ಸಾಕಾಗುವುದಿಲ್ಲ. ಎರಡನೆಯದು ಬೇಕು. ನಾನು ಕೇಳಿದೆ:

“ನದೀಮ್, ಶಬ್-ಎ-ಬರಾತ್ ರಾತ್ರಿ ನಿಮ್ಮ ತಂದೆ ತಮ್ಮ ದಾದಾನ ಗೋರಿಗೆ ಹೂ ಹಾಕೋಕೆ ಎಲ್ಲಿಗೆ ಹೋಗ್ತಿದ್ರು?”

ಬಾಯಿ ಬಿಟ್ಟವರು ಮುಜೀಬ್.

“ಹಿಂದೂಪುರಕ್ಕೆ... ಎರಡು ಸಲ ನಾನೂ ಜೊತೆಗೆ ಹೋಗಿದ್ದೆ.”

“ಹೆಣ್ಣಿನ ಕಡೆಯೋರಿಗೆ ಜಾಗ ಇಲ್ಲ ಅಂತೀಯಲ್ಲ” ಎಂದರು ಇಮಾಮ್ ಸಾಬ್. “ಹಂಗಾದ್ರೆ ಮೊದ್ಲು ನಿಮ್ಮಪ್ಪನ್ನ ಎಬ್ಬುಸು. ಗುದ್ದಲಿ ತರಸ್ಲಾ?”

ನದೀಮ್ ನನ್ನ ಪಕ್ಕಕ್ಕೆ ಬಂದ. “ನಿನ್ನ ನೋಡ್ಕೋತೀನಿ...”

“ನೋಡ್ಕೊಳ್ಳಿ. ಶಜರಾದಲ್ಲಿ ನಿಮ್ಮ ಹೆಸರು ಬೇಕಾದ್ರೆ ಹೆಣ್ಣುಮಕ್ಕಳ ಸಾಲು ಇರ್ಬೇಕು. ಏನ್ಮಾಡ್ಲಿ?”

ಅವನು ತಂದೆಯ ಗೋರಿಯ ಕಡೆ ನೋಡಿದ.

“ಇರ್ಲಿ” ಎಂದ.

ಮುಜೀಬ್ ಗುದ್ದಲಿ ಹಿಡಿದವರ ಕಡೆ ನೋಡಿದರು. “ತೋಡಿ.”

ಅಸರ್ ಆದ ಮೇಲೆ ನಜ್ಮುನ್ನೀಸಾರನ್ನು ಅವರ ತಾಯಿಯ ಪಕ್ಕ ಮಣ್ಣು ಮಾಡಿದರು. ಎಲ್ಲರ ಹಾಗೆ ನದೀಮನೂ ಮೂರು ಹಿಡಿ ಮಣ್ಣು ಹಾಕಿದ. ಶಾಜಿಯಾ ಹಾಕಲಿಲ್ಲ. ಗೇಟಿನ ಹೊರಗೆ ನಿಂತಿದ್ದರು. ಹೆಂಗಸರು ಒಳಗೆ ಬರುವ ಪದ್ಧತಿ ಇಲ್ಲ.