ಒಂದೇ ತಟ್ಟೆಗೆ ಸುರಿದ ಮಣಿಗಳು

"ಕೈ ತೆಗೀರಿ!"

ಚಟ್ಟನೆ ಬಿದ್ದ ಏಟಿನ ಸದ್ದಿಗೆ ಗುಂಡಿಯಲ್ಲಿ ಅಗೆಯುತ್ತಿದ್ದವರೆಲ್ಲ ತಲೆ ಎತ್ತಿದರು. ಏಟು ತಿಂದವನು ಅವತ್ತೇ ಬಂದಿಳಿದ ಮೂಳೆ ತಜ್ಞ. ಕೊಟ್ಟವಳು ಅಗೆದ ಮಣ್ಣನ್ನು ಜರಡಿ ಹಿಡಿಯುವ ಹುಡುಗಿ. ಎಲ್ಲರ ಬಾಯಲ್ಲೂ ಅವಳು ಬರೀ 'ಜರಡಿ'.

'ಅಯ್ಯೋ, ನನ್ನ ಕೆಲಸ ಹೋಯಿತು!' ಎಂದುಕೊಂಡಳು ಅವಳು.

ಆದರೆ ಮಣಿಗೆ ಕೈ ಹಾಕಿದ ತಪ್ಪು ಅವನದೇ. ಅದು ಸಾವಿರಾರು ವರ್ಷ ಹಿಂದಿನ ಮಗುವಿನ ಸಮಾಧಿ. ಯಾವ ಮಣಿ ಎಲ್ಲಿದೆಯೆಂದು ಬರೆದುಕೊಳ್ಳುವ ಮೊದಲು ಯಾರೂ ಮುಟ್ಟುವಂತಿಲ್ಲ. ಅವನು ಕೆಂಪಾದ ಕೈ ಸವರಿಕೊಂಡು ನಕ್ಕುಬಿಟ್ಟ. ಆ ನಗುವಿಗೆ ಇವಳು ಅಲ್ಲೇ ಸೋತಳೆಂದು ಬೇರೆ ಹೇಳಬೇಕೆ?

ಮೂರು ತಿಂಗಳು ಇಬ್ಬರೂ ಅಕ್ಕಪಕ್ಕ ಕೂತು ಎರಡು ಸಾವಿರ ಮಣಿ ಎತ್ತಿದರು. ಒಂದೊಂದು ಜಾಗದ ಮಣಿಗೆ ಒಂದೊಂದು ಪೊಟ್ಟಣ.

ಒಂದು ಮಧ್ಯಾಹ್ನ ಅವಳು ಧೈರ್ಯ ಮಾಡಿ ಹೇಳಿದಳು. ಪೊಟ್ಟಣದಿಂದ ಪೊಟ್ಟಣಕ್ಕೆ ಮಣಿಯ ತೂತೇ ಬೇರೆ. ಒಂದರಲ್ಲಿ ಓರೆ, ಇನ್ನೊಂದರಲ್ಲಿ ನೇರ, ಕೆಲವು ಸವೆದೇ ಹೋಗಿವೆ. ಇದು ದೊರೆಯ ಮಗುವಲ್ಲ... ಊರವರೆಲ್ಲ ತಮ್ಮ ತಮ್ಮ ಕೊರಳಿನದನ್ನು ಬಿಚ್ಚಿ ಹಾಕಿರಬೇಕು.

ಅವನು ತಲೆ ಕೂಡ ಎತ್ತಲಿಲ್ಲ. "ದುಡಿಯದ ಮಗೂಗೆ ಇಷ್ಟು ಮಣಿ ಅಂದ್ರೆ, ಹುಟ್ಟಿನಿಂದಲೇ ದೊಡ್ಡೋರು ಚಿಕ್ಕೋರು ಅನ್ನೋದು ಆಗ್ಲೇ ಶುರುವಾಗಿತ್ತು ಅಂತ. ಅದನ್ನ ನಾನು ನೋಡ್ಕೋತೀನಿ, ನೀವು ಜರಡಿ ನೋಡ್ಕೊಳ್ಳಿ."

ಕೆನ್ನೆಗೆ ಹೊಡೆದಂತಾಯಿತು ಅವಳಿಗೆ. ಅಮ್ಮನೂ ಇದೇ ಜರಡಿ ಹಿಡಿದು ಸವೆದವಳು. ಅವಳನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ.

ಮರುದಿನ ಮಣಿ ಇಟ್ಟಿದ್ದ ಕೋಣೆಗೆ ಬಂದವಳು ಬಾಗಿಲಲ್ಲೇ ಕಲ್ಲಾದಳು. ಫೋಟೋ ಚೆನ್ನಾಗಿ ಬರಲೆಂದು ಅವನು ಎಲ್ಲ ಪೊಟ್ಟಣ ಬಿಚ್ಚಿ, ಮಣಿಗಳನ್ನು ಒಂದೇ ತಟ್ಟೆಗೆ ಸುರಿದಿದ್ದ! ಒಬ್ಬರದೇ ಆಸ್ತಿ ಎಂದುಕೊಂಡವನಿಗೆ ಬೇರೆ ಬೇರೆ ಇಡುವ ಗೊಡವೆ ಯಾಕೆ?

"ಯಾರ್ಯಾರು ಕೊಟ್ಟಿದ್ರೋ, ಎಲ್ಲರನ್ನೂ ಅಳಿಸಿಬಿಟ್ರಿ," ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಪ್ರತಿ ಪೊಟ್ಟಣದ ಮಣಿಗಳ ತೂತಿನ ಚಿತ್ರ ಅವಳ ನೋಟ್‌ಬುಕ್‌ನಲ್ಲಿತ್ತು. ಹೇಳಲಿಲ್ಲ. ಯಾಕೆ ಹೇಳಬೇಕು?

ನಾಲ್ಕನೆಯ ದಿನ ಅವನೇ ಮನೆ ಬಾಗಿಲಿಗೆ ಬಂದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ವರದಿಯ ಪ್ರತಿ. ಅವಳು ಬೇಕೋ ಬೇಡವೋ ಎಂಬಂತೆ ಓದಿದಳು. ಮಣಿಗಳನ್ನು ಬೆರೆಸಿ ಸಾಕ್ಷ್ಯ ಹಾಳುಮಾಡಿದವನು ತಾನು ಎಂದು ಬರೆದಿದ್ದ. ಇವು ಹಲವರು ಕೊಟ್ಟ ಮಣಿಗಳೆಂದು ಮೊದಲು ಗುರುತಿಸಿದವಳು... ಅಲ್ಲಿ ಅವಳ ಪೂರ್ತಿ ಹೆಸರಿತ್ತು. ಮನೆಯಲ್ಲೂ ಯಾರೂ ಕರೆಯದ ಹೆಸರು!

ಅವಳು ತಲೆ ಎತ್ತಿದಳು. "ಇದನ್ನ ಕಳಿಸಿದ್ರೆ ನಿಮ್ಮನ್ನ ಇನ್ಯಾರೂ ಕೆಲಸಕ್ಕೆ ಕರೆಯಲ್ಲ."

"ಬೆಳಿಗ್ಗೆನೇ ಕಳಿಸ್ದೆ." "ನೀವು ಹೋದ್ಮೇಲೆ ಒಂದೊಂದೇ ತೂತು ನೋಡ್ದೆ. ಮೇಲು ಕೀಳು ಎಲ್ಲಿ ಶುರುವಾಯ್ತು ಅಂತ ಗುಂಡೀಲಿ ಹುಡುಕ್ತಿದ್ದೆ. ಅದು ನನ್ನ ಬಾಯಲ್ಲೇ ಇತ್ತು."

ಅವಳು ಒಳಗೆ ಹೋಗಿ ನೋಟ್‌ಬುಕ್ ತಂದು ಅವನ ಕೈಯಲ್ಲಿಟ್ಟಳು. ಅವನು ಒಂದೊಂದೇ ಪುಟ ತಿರುವಿದ.

"ಎಲ್ಲಾ ಇದೆ... ಮತ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಈಗ ಕೇಳ್ತೀನಿ. ಮಣಿ ವಿಷಯ ಅಲ್ಲ. ಜೀವನಪೂರ್ತಿ ನನ್ನ ಜೊತೆ ಇರ್ತೀರಾ?"

ಒಳಗೆ ಪಾತ್ರೆ ಉಜ್ಜುತ್ತಿದ್ದ ಅಮ್ಮನ ಸದ್ದು ನಿಂತಿತು.

ಗೊತ್ತಿಲ್ಲದೆ ಅವನ ಬೆರಳು ಅವಳ ಬೆರಳನ್ನು ಸೋಕಿತ್ತು. ಮೊದಲ ದಿನದ ಏಟು ನೆನಪಾಗಿ ಅವನು ಬೆಚ್ಚಿ ಹಿಂದೆಳೆದುಕೊಳ್ಳಲು ಹೋದ.

"ಕೈ ತೆಗೀಬೇಡಿ," ಎಂದಳು ಅವಳು.