ಸಾಕು ಅಂದರೆ ಚಾಕ್ಕ್

“ಬೇಗ ಕರೆ ಮಾಡಿ! ಸ್ಟಾಕ್ ಮುಗೀತಾ ಇದೆ! ಈ ಸೂಪರ್ ತುರಿಮಣೆ ತೆಂಗಿನಕಾಯಿ ತುರಿಯುತ್ತದೆ, ಬೆನ್ನನ್ನೂ ತುರಿಸುತ್ತದೆ! ಒಂದು ಕೊಂಡರೆ ಇನ್ನೊಂದು ಫ್ರೀ. ಇನ್ನೊಂದು ಬೇಡ ಅಂದರೆ ಮೂರನೆಯದೂ ಫ್ರೀ!”

ಸ್ಟೂಲಿನ ಮೇಲೆ ನಿಂತ ಕೃತಿ, ಸೌಟನ್ನೇ ಮೈಕ್ ಮಾಡಿಕೊಂಡು ಮಲಯಾಳಂನಲ್ಲಿ ಕೂಗುತ್ತಿದ್ದಳು. ಟಿವಿ ಶಾಪಿಂಗಿನ ಅಕ್ಕನ ಮೂಗಿನ ದನಿ, ಉಸಿರೇ ಎಳೆಯದ ಮಾತು, ಕೊನೆಗೊಂದು ‘ವಾವ್!’ ಎಲ್ಲ ಥೇಟ್. ಫೋನ್ ಹಿಡಿದಿದ್ದ ಸುಮಯ್ಯಾ ನಗು ತಡೆಯಲು ತುಟಿ ಕಚ್ಚಿಕೊಂಡಳು.

ಶನಿವಾರ ಶಾಲೆಯಲ್ಲಿ ಕಾಮಿಡಿ ಸಿನಿಮಾ ಸ್ಪರ್ಧೆ. ಇವರ ಸಿನಿಮಾದಲ್ಲಿ ಕೃತಿ ಮಾರುವವಳು, ಸುಮಯ್ಯಾ ಕ್ಯಾಮೆರಾ, ನಿತೀಶ್ ಸಾಮಾನು ತಂದುಕೊಡುವ ಅಸಿಸ್ಟೆಂಟ್. ಕೊಳ್ಳುವ ಆಂಟಿಯಾಗಿ ಸುಮಯ್ಯಾಳ ಅತ್ತೆ ಬರಬೇಕಿತ್ತು. ಅವರಿಗೆ ಜ್ವರ. ಫೋನೋ ಸುಮಯ್ಯಾಳ ಅಕ್ಕನದು. ಐದು ಗಂಟೆಗೆ ವಾಪಸ್ ಕೊಡಲೇಬೇಕು.

“ನಿನ್ನ ದೊಡ್ಡವ್ವ ಇದ್ದಾರಲ್ಲ!” ಎಂದ ನಿತೀಶ್.

ಕೃತಿಯ ಮುಖ ಹುಳ್ಳಗಾಯಿತು. ದೊಡ್ಡವ್ವ ಅಂದರೆ ಅಮ್ಮನ ಅಕ್ಕ, ಭವಾನಿ. ಕೃತಿ ತೊಟ್ಟಿಲಲ್ಲಿದ್ದಾಗ ಗದಗಿನಿಂದ ಉಳ್ಳೂರಿನ ಈ ಮನೆಗೆ ಬಂದವಳು. ಇಷ್ಟು ವರ್ಷಗಳಲ್ಲಿ ಅವಳು ಕಲಿತ ಮಲಯಾಳಂ ಎರಡೇ ಮಾತು. ಕೃತಿಯನ್ನು ಮಗಳೇ ಎಂದು ಕರೆಯಲು ‘ಮೋಳೇ’, ಬೇಡ ಎಂದು ಮೀನಿನವರನ್ನು ಸಾಗಹಾಕಲು ‘ವೇಂಡಾ’. ಅವಳು ಕನ್ನಡದಲ್ಲಿ ಕೇಳಿದರೆ ಕೃತಿ ಮಲಯಾಳಂನಲ್ಲಿ ಉತ್ತರಿಸುತ್ತಿದ್ದಳು. ಫ್ರೆಂಡ್ಸ್ ಇದ್ದರೆ ಉತ್ತರವೇ ಇಲ್ಲ.

ಈಗ ಬೇರೆ ದಾರಿಯಿರಲಿಲ್ಲ.

“ದೊಡ್ಡವ್ವಾ, ನಾ ಏನ್ ತೋರಿಸಿದ್ರೂ ‘ವೇಣಂ, ವೇಣಂ’ ಅನ್ನು. ಬೇಕು, ಬೇಕು ಅಂತ,” ಫ್ರೆಂಡ್ಸಿಗೆ ಕೇಳದಂತೆ ಕನ್ನಡದಲ್ಲಿ ಪಿಸುಗುಟ್ಟಿದಳು ಕೃತಿ.

“ಅಯ್ಯ, ಅಷ್ಟ ಹೌದಿಲ್ಲೋ?” ದೊಡ್ಡವ್ವ ಸೆರಗು ಸರಿಮಾಡಿಕೊಂಡು ಸೋಫಾದಲ್ಲಿ ಕೂತಳು.

“ಆ್ಯಕ್ಷನ್!”

ಕೃತಿ ತುರಿಮಣೆ ಕೊಟ್ಟಳು. ದೊಡ್ಡವ್ವ ತಿರುಗಿಸಿ ನೋಡಿದಳು. “ಯವ್ವಾ, ಇದು ನಮ್ಮದ ತುರಿಮಣಿ! ಮನ್ಯಾಗ ಇರೋದನ್ನ ಮತ್ತ ಬೇಕು ಅಂತ ಹ್ಯಾಂಗ ಅನ್ನಲಿ? ಒಂದು ಸಾಕು, ಸಾಕು!”

ನಿತೀಶನ ಕಿವಿ ನಿಮಿರಿತು. ಮಲಯಾಳಂನಲ್ಲಿ ‘ಚಾಕ್ಕ್’ ಅಂದರೆ ಗೋಣಿಚೀಲ. ಓಹೋ, ಆಂಟಿಗೆ ಚೀಲ ಬೇಕು! ಅಡುಗೆಮನೆಗೆ ಓಡಿ ಖಾಲಿ ಅಕ್ಕಿಚೀಲ ತಂದು ಅವಳ ಮಡಿಲಿಗೆ ಹಾಕಿದ.

“ಇದ್ಯಾಕೋ ತಮ್ಮಾ? ಸಾಕು ಅಂದೆ!”

ಅವನು ಇನ್ನೊಂದು ತಂದ.

ಕೃತಿಗೆ ಏನು ಮಾಡಬೇಕೋ ತೋಚಲಿಲ್ಲ. ನಾಲಿಗೆ ಮಾತ್ರ ತಾನಾಗಿಯೇ ಓಡುತ್ತಿತ್ತು. “ವಾವ್! ಚಾಕ್ಕ್ ಕೂಡ ಫ್ರೀ!”

“ಸಾಕೋ ಯಪ್ಪಾ, ಸಾಕು!” ದೊಡ್ಡವ್ವ ಕೈಯೇ ಮುಗಿದಳು.

ಮೂರನೆಯ ಚೀಲದಲ್ಲಿ ತೆಂಗಿನಕಾಯಿಗಳಿದ್ದವು. ನಿತೀಶ್ ಹಲ್ಲು ಕಚ್ಚಿ ಎಳೆಯುವಾಗ ಬಾಯಿ ಬಿಚ್ಚಿಕೊಂಡಿತು, ಅವನದಲ್ಲ, ಚೀಲದ್ದು. ಕಾಯಿಗಳೆಲ್ಲ ದಡದಡ ಉರುಳಿದವು. ಒಂದು ಹೋಗಿ ಸ್ಟೂಲಿಗೆ ಬಡಿಯಿತು. ಮಾರುವವಳು ಮೈಕಿನ ಸಮೇತ ಕೆಳಗೆ!

ಗಂಟೆ ಐದು. ಫೋನ್ ಮನೆಗೆ ಹೊರಟಿತು. ಅದರ ಹಿಂದೆ ಫ್ರೆಂಡ್ಸೂ ಹೊರಟರು.

“ಎಲ್ಲಾಂ ಪೋಯಿ!” ಎಂದು ಕೃತಿ ಕಿರುಚಿದಳು. “ನಿನ್ನಿಂದ!”

ಅದು ತಿಳಿಯಲು ಮಲಯಾಳಂ ಬರಬೇಕಿರಲಿಲ್ಲ. ದೊಡ್ಡವ್ವ ಚೀಲಗಳನ್ನು ಮಡಿಚಿಟ್ಟಳು. ಆಮೇಲೆ ಎಣ್ಣೆ ತಂದು ಕೃತಿಯ ತರಚಿದ ಮೊಣಕಾಲಿಗೆ ಹಚ್ಚಿದಳು.

ಅಮ್ಮನ ಕೆಲಸ ಕೊಚ್ಚಿಯಲ್ಲಿ, ವಲ್ಲಾರ್ಪಾಡಂ ಬಂದರಿನ ಆಫೀಸಿನಲ್ಲಿ. ಮನೆಗೆ ಬರುವುದು ಶುಕ್ರವಾರ ಸಂಜೆಯ ರೈಲಿಗೆ. ಮರುದಿನವೇ ಶುಕ್ರವಾರ. ಅಪ್ಪನ ಜೊತೆ ತಂಪಾನೂರ್ ಸ್ಟೇಷನ್ನಿಗೆ ಹೋದ ಕೃತಿ, ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತು ತನ್ನ ಗೋಳನ್ನೆಲ್ಲ ಹೇಳಿಕೊಂಡಳು. ಸುಮಯ್ಯಾ ಅಪ್ಪನ ಫೋನಿಗೆ ಕಳಿಸಿದ್ದ ವಿಡಿಯೋ ನೋಡಿ ಅಮ್ಮ ನಕ್ಕ ರಭಸಕ್ಕೆ ಕಂಡಕ್ಟರ್ ತಿರುಗಿ ನೋಡಿದ.

“ಏ ಹುಚ್ಚಿ! ಆಕಿ ‘ಸಾಕು ಸಾಕು’ ಅಂತಾಳ. ಮಾರೋರಿಗೆ ಅದು ‘ಚೀಲ ತಾ’ ಅಂತ ಕೇಳಸ್ತದ! ಟಿವಿ ಶಾಪಿಂಗ್ ಅಂದ್ರ ಇದ ಅಲ್ಲೇನು?”

ಕೃತಿ ಮತ್ತೆ ನೋಡಿದಳು. ಈ ಸಲ ಅವಳಿಗೂ ನಗು ಬಂತು. ಕೊನೆಯಲ್ಲಿ ನಗು ನಿಂತಿತು. ಸ್ಟೂಲ್ ಇನ್ನೂ ಅಲುಗುತ್ತಿದೆಯಷ್ಟೇ, ಆಗಲೇ ದೊಡ್ಡವ್ವ ಮಡಿಲಿನ ಚೀಲಗಳನ್ನು ಎಸೆದು ಎರಡೂ ಕೈ ಚಾಚಿ ಎದ್ದಿದ್ದಳು. ಅದನ್ನು ಕೃತಿ ಆವತ್ತು ನೋಡಿರಲೇ ಇಲ್ಲ.

“ಸಾಕು ಅನ್ನೋದಕ್ಕ ಇನ್ನೊಂದು ಅರ್ಥ ಐತಿ, ಗೊತ್ತೇನು?” ಅಮ್ಮ ಕೇಳಿದಳು.

“ಹೂಂ. ನಾಯಿ ಸಾಕು, ಬೆಕ್ಕು ಸಾಕು...”

“ಕೃತಿ ಸಾಕು,” ಎಂದಳು ಅಮ್ಮ. “ನೀ ಸಣ್ಣಾಕಿ ಇದ್ದಾಗ ನನಗ ಕೊಚ್ಚಿಗೆ ಟ್ರಾನ್ಸ್‌ಫರ್ ಆತು. ಅಕ್ಕ ಬಂದು ನಿನ್ನ ಸಾಕಿದಳು. ಸಾಕಿ ಸಾಕಾತು ಅಂತ ಮಾತ್ರ ಒಂದಿನಾನೂ ಅನ್ನಲಿಲ್ಲ.”

ಮಾತು ಮುಗಿಸಿ ಅಮ್ಮ ಕಿಟಕಿಯ ಹೊರಗೆ ನೋಡತೊಡಗಿದಳು.

ಮನೆಯಲ್ಲಿ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಕೃತಿ ಹೋಗಿ ಅವಳ ಬೆನ್ನಿಗೆ ಆತುಕೊಂಡಳು. “ನಾಳೆ ನೀನು ಸ್ಕೂಲಿಗೆ ಬರಬೇಕು.”

ಯಾರ ಬಲವಂತವೂ ಇಲ್ಲದೆ ಕನ್ನಡ! ದೊಡ್ಡವ್ವನ ಕೈ ಹಿಟ್ಟಿನಲ್ಲೇ ನಿಂತಿತು. “ನಾ ಯಾಕವ್ವಾ? ನಿನ್ನ ಗೆಳ್ಯಾರು ನಗ್ತಾರ.”

“ನಗಬೇಕು! ಕಾಮಿಡಿ ಅಲ್ಲಾ ಅದು?”

ಕನ್ನಡ ಅಕ್ಷರ ಬರೆಯುವುದನ್ನು ದೊಡ್ಡವ್ವನೇ ಹೇಳಿಕೊಟ್ಟಳು. ಖಾಲಿ ಗೋಣಿಚೀಲದ ಮೇಲೆ ಕೃತಿ ಇದ್ದಿಲಿನಿಂದ ದೊಡ್ಡದಾಗಿ ‘ಸಾಕು’ ಎಂದು ಬರೆದಳು. ಅಮ್ಮ ಅದರ ಫೋಟೋ ತೆಗೆದಳು. ಸಿನಿಮಾಕ್ಕೆ ಹೆಸರು ಸಿಕ್ಕಿತು.

ಶನಿವಾರ ಹಾಲಿನಲ್ಲಿ ಎರಡನೆಯ ಚೀಲಕ್ಕೇ ಮಕ್ಕಳು ಬೆಂಚು ಬಡಿಯತೊಡಗಿದರು. ತೆಂಗಿನಕಾಯಿ ಉರುಳಿದಾಗ ಹೆಡ್‌ಮಿಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಚೀಲ ತಂದದ್ದು ನಾನು!” ನಿತೀಶ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಸುಮಯ್ಯಾ ಕೇಳಿದಳು, “ಅಲ್ಲ ಕೃತಿ, ಚೀಲದ ಮೇಲೆ ಬರೆದದ್ದೇನು?”

“ಸಾಕು. ಕನ್ನಡ. ಅದಕ್ಕೆ ಎರಡು ಅರ್ಥ. ಒಂದು, ಊಟದಲ್ಲಿ ಇನ್ನು ಬಡಿಸಬೇಡಿ ಅನ್ನೋಕೆ ನಾವು ‘ಮದಿ’ ಅಂತೀವಲ್ಲ, ಅದು.”

“ಅಯ್ಯೋ, ಅವರು ಮದಿ ಅಂದದ್ದಾ?” ನಿತೀಶ್ ತಲೆಗೆ ಕೈ ಹೊತ್ತ.

“ಇನ್ನೊಂದು?” ಸುಮಯ್ಯಾ ಬಿಡಲಿಲ್ಲ.

ಕೃತಿ ಮಲಯಾಳಂ ಪದಕ್ಕಾಗಿ ತಡಕಾಡಿದಳು. ಯಾವುದೂ ಸರಿ ಅನ್ನಿಸಲಿಲ್ಲ. ಮೂರನೆಯ ಸಾಲಿನಲ್ಲಿ ಇಳಕಲ್ ಸೀರೆಯ ದೊಡ್ಡವ್ವ, ಮಡಿಲಲ್ಲಿ ತಿಂಡಿಯ ಡಬ್ಬಿ ಇಟ್ಟುಕೊಂಡು, ಕತ್ತು ಎತ್ತರಿಸಿ ಯಾರನ್ನೋ ಹುಡುಕುತ್ತಿದ್ದಳು.

“ಇನ್ನೊಂದು ಅಲ್ಲಿ ಕೂತಿದೆ,” ಎಂದಳು ಕೃತಿ.

ಮತ್ತೆ ಇಡೀ ಹಾಲಿಗೆ ಕೇಳುವಂತೆ ಕೂಗಿಕೊಂಡು ಓಡಿದಳು, “ದೊಡ್ಡವ್ವಾ! ಇಲ್ಲಿ ಅದೀನಿ!”