ಚಕ್ರಕ್ಕೆ ಸುತ್ತಿದ ಹುರುಳಿ

ಏಳು ಸಮುದ್ರಗಳ ಆಚೆಯೇನಲ್ಲ, ಅಂಜನಾಪುರದಿಂದ ಶಿಕಾರಿಪುರಕ್ಕೆ ಹೋಗುವ ರಸ್ತೆಯಲ್ಲೇ. ಬಹಳ ಕಾಲದ ಹಿಂದೆಯೂ ಅಲ್ಲ, ಮೊನ್ನೆ ಸಂಕ್ರಾಂತಿಗೆ ಇನ್ನೊಂದು ವಾರ ಇದ್ದಾಗ. ಅಲ್ಲೊಬ್ಬ ರಾಕ್ಷಸ ಅಡ್ಡ ಮಲಗಿದ್ದ. ಅವನಿಗೆ ಕಣ್ಣಿಲ್ಲ, ಹಲ್ಲಿಲ್ಲ, ಮೈತುಂಬ ಕಂದು ಬಣ್ಣದ ಸಿಕ್ಕುಗೂದಲು. ಮೊಣಕಾಲೆತ್ತರ ಇದ್ದ. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೂ ಇದ್ದ.

ಅವನನ್ನು ಅಲ್ಲಿ ಮಲಗಿಸಿದವಳು ಐದನೇ ಕ್ಲಾಸಿನ ಮಮತಾ.

ಈಗ ಅವಳೇ ರಸ್ತೆಯಲ್ಲಿ ಓಡುತ್ತಾ ಕಿರುಚುತ್ತಿದ್ದಳು. "ನಾಗೇಶಣ್ಣಾ, ನಿಲ್ಸು! ಹೊಗೆ! ಗಾಡಿ ಅಡಿ ಹೊಗೆ ಬರ್ತೈತೆ!"

ಓಮ್ನಿ ಕಾರು ರಾಕ್ಷಸನ ಮೈಮೇಲೆ ಹಾದು, ಅವನ ಅರ್ಧ ಮೈಯನ್ನು ಹೊಟ್ಟೆಯಡಿ ಎಳೆದುಕೊಂಡು, ನಾಲೆಯ ಸೇತುವೆಯ ತನಕ ಹೋಗಿ ಗಕ್ಕನೆ ನಿಂತಿತು.

ಬಾಗಿಲು ಸರಕ್ಕನೆ ಸರಿಯಿತು. ಒಬ್ಬೊಬ್ಬಳಾಗಿ ಎಂಟು ಹುಡುಗಿಯರು ಇಳಿದರು. ಎಲ್ಲರಿಗೂ ಹಸಿರು ಸೀರೆ, ತಲೆಯಲ್ಲಿ ಕನಕಾಂಬರ, ಕೈಯಲ್ಲಿ ಎರಡೆರಡು ಕೋಲು. ಸೊರಬದಲ್ಲಿ ಕೋಲಾಟದ ಸ್ಪರ್ಧೆಗೆ ಹೊರಟಿದ್ದ ಅವಳದೇ ಶಾಲೆಯ ಟೀಮು. ಕೊನೆಗೆ ಪ್ರಮೀಳಾ ಮಿಸ್ ಇಳಿದರು.

"ದೂರ ನಿಲ್ರಿ ಎಲ್ಲಾರೂ! ನೀರಿನ ಬಾಟ್ಲಿ ಕೊಡ್ರಿ ಇಲ್ಲಿ!" ಡ್ರೈವರ್ ನಾಗೇಶ ನೆಲಕ್ಕೆ ಬಗ್ಗಿ ಕಾರಿನಡಿಗೆ ನೀರು ಎರಚಿದ. ಚುಂಯ್ ಎಂದಿತು. ಹೊಗೆಯ ಜೊತೆ ಹುರಿದ ಹುರುಳಿಯ ಘಮ ಎದ್ದಿತು.

"ಬೆಳ್‌ಬೆಳಗ್ಗೆ ನನ್ನ ಗಾಡೀಲೇ ಹುರುಳಿ ಹುರಿದ್ರಲ್ರೋ ಮಾರಾಯ್ರಾ," ಎಂದ ನಾಗೇಶ.



ಅವನು ಚಕ್ರದ ಹಿಂದೆ ಕೈ ತೂರಿಸಿ ನೋಡಿ, ನಗು ನಿಲ್ಲಿಸಿ ಎದ್ದು ನಿಂತ. "ಮಿಸ್, ನಾಕೂ ಚಕ್ರದ ಒಳಗೆ ಬಳ್ಳಿ ಹಗ್ಗ ಹೊಸೆದಂಗೆ ಸುತ್ಕೊಂಡೈತ್ರೀ. ಹಿಂಗೇ ಓಡ್ಸಿದ್ರೆ ಬೆಂಕಿ ಹತ್ತುತ್ತೆ. ಬಿಚ್ಚಿ ತೆಗೀಲೇಬೇಕು."



ಪ್ರತಿ ವರ್ಷ ಚಳಿಗಾಲದಲ್ಲಿ ಮಮತಾಳ ಮನೆಯವರು ಹುರುಳಿ ಒಕ್ಕುವುದು ರಸ್ತೆಯ ಮೇಲೆಯೇ. ಕಿತ್ತ ಬಳ್ಳಿಯನ್ನು ಟಾರಿನ ಮೇಲೆ ಹಾಸಿದರೆ ಸಾಕು, ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಓಡಾಡಿ ಕಾಳು ಉದುರಿಸಿಬಿಡುತ್ತವೆ. ಆ ದಿನ ಬೆಳಗ್ಗೆ ಅವಳ ಅವ್ವ ನಿಂಗಮ್ಮ ಹೊಲಕ್ಕೆ ಹೋಗುವ ಮುಂಚೆ ಎರಡೆರಡು ಸಲ ಹೇಳಿದ್ದಳು: "ಅಂಗೈ ದಪ್ಪ ಹಾಸು, ಸಾಕು. ಅರ್ಧ ರಸ್ತೆ ಬಿಡು. ಕಾರಿನೋರಿಗೆ ತೊಂದ್ರೆ ಆಗಬಾರ್ದು."

ಮಮತಾ ಅಂಗೈ ದಪ್ಪ ಹಾಸಲಿಲ್ಲ. ಇದ್ದ ಹೊರೆಯನ್ನೆಲ್ಲ ತಂದು ಒಂದೇ ಕಡೆ ಸುರಿದಳು. ಅಷ್ಟೂ ರಸ್ತೆಗೆ ಸುರಿದಳು.

ಆ ಕೋಲಾಟದ ಎಂಟು ಜನರಲ್ಲಿ ಅವಳೂ ಒಬ್ಬಳಾಗಿದ್ದಳು. ಆದರೆ ಗದ್ದೆ ಕೊಯ್ಲು ಮುಗಿದ ಮೇಲೆ ಅಪ್ಪ ಮಾಳೇಶ ಕುರಿಮಂದೆ ಹೊಡೆದುಕೊಂಡು ಕುಬಟೂರಿನ ಕಡೆ ಹೊರಟಾಗ ಮರಿಗಳನ್ನು ನೋಡಿಕೊಳ್ಳಲು ಅವಳೂ ಹೋಗಬೇಕಾಯಿತು. ಹತ್ತು ದಿನ ಪ್ರಾಕ್ಟೀಸ್ ತಪ್ಪಿತು. ವಾಪಸ್ ಬಂದಾಗ ಅವಳ ಜಾಗದಲ್ಲಿ ಚೈತ್ರಶ್ರೀ ಇದ್ದಳು. ಅವಳ ಕೋಲುಗಳೂ ಚೈತ್ರಶ್ರೀಯ ಕೈಯಲ್ಲಿದ್ದವು. ಮಮತಾ ಹೊಂಗೆ ಎಣ್ಣೆ ತಿಕ್ಕಿ ತಿಕ್ಕಿ ಹೊಳಪು ಬರಿಸಿ, ತುದಿಗೆ ಕೆಂಪು ರಿಬ್ಬನ್ ಕಟ್ಟಿದ್ದ ಕೋಲುಗಳು.

ಕಾರು ಇದೇ ದಾರಿಯಲ್ಲಿ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹುರುಳಿ ಸುರಿಯುವಾಗ ಮನಸ್ಸಿನಲ್ಲೇ ಒಂದು ವರ ಬೇಡಿಕೊಂಡಿದ್ದಳು. ಕಾರು ಇಲ್ಲಿ ಒಂದು ನಿಮಿಷ ನಿಲ್ಲಲಿ. ಅವರೆಲ್ಲ ನನ್ನ ಕಡೆ ನೋಡಲಿ.

ಕತೆಗಳಲ್ಲಿ ಬೇಡಿದ ವರ ಬೇಡಿದ ಅಳತೆಗೆ ಸಿಗುವುದಿಲ್ಲ.

"ಬೇಕಂತಲೇ ಹಾಕಿದಾಳೆ ಮಿಸ್!" ಚೈತ್ರಶ್ರೀ ಕೂಗಿದಳು. "ನೋಡ್ರಿ ಎಷ್ಟು ದಪ್ಪ! ಯಾರಾದ್ರೂ ಹಿಂಗೆ ಹಾಸ್ತಾರಾ? ಅವಳನ್ನ ಸೇರಿಸ್ಕೊಂಡಿಲ್ಲ ಅಂತ ಹೊಟ್ಟೆಕಿಚ್ಚು!"

"ಹೌದಾ ಮಮತಾ?" ಎಂದರು ಮಿಸ್.

ಇಲ್ಲ ಎನ್ನಬೇಕೆಂದು ಮಮತಾ ಬಾಯಿ ತೆರೆದಳು. ಆದರೆ ಬಗ್ಗಿ, ಚಕ್ರದಿಂದ ಜೋತಿದ್ದ ಒಂದು ಎಳೆ ಹಿಡಿದು ಎಳೆದಳು.

ಮಿಸ್ ಫೋನ್ ತೆಗೆದು ಒಬ್ಬರಾದ ಮೇಲೆ ಒಬ್ಬರಿಗೆ ಹಚ್ಚಿದರು. ಶಿಕಾರಿಪುರದ ಒಂದು ಗಾಡಿ ಮದುವೆ ಬಾಡಿಗೆಗೆ ಹೋಗಿತ್ತು. ಇನ್ನೊಂದರ ಡ್ರೈವರ್ ಫೋನೇ ಎತ್ತಲಿಲ್ಲ. ಬಸ್ಸು ಆಗಲೇ ಹೋಗಿಯಾಗಿತ್ತು, ಮುಂದಿನದು ಹನ್ನೊಂದಕ್ಕೆ. ಹನ್ನೊಂದಕ್ಕೆ ಅವರು ಸೊರಬದ ವೇದಿಕೆಯ ಮುಂದೆ ನಿಂತು ಹೆಸರು ಕೊಡಬೇಕಿತ್ತು. ಸೊರಬಕ್ಕೆ ಒಂದೂವರೆ ಗಂಟೆ ದಾರಿ. ಈಗ ಒಂಬತ್ತು.

ಗಲಾಟೆ ಕೇಳಿ ಹೊಲದಿಂದ ನಿಂಗಮ್ಮ ಓಡಿ ಬಂದಳು. ರಸ್ತೆಯ ರಾಶಿ ನೋಡಿದಳು, ಕಾರು ನೋಡಿದಳು, ಮಗಳನ್ನು ನೋಡಿದಳು. ಬೈಯಲಿಲ್ಲ. "ಅಂಗೈ ದಪ್ಪ ಅಂದಿದ್ದೆ," ಎಂದಳು ಅಷ್ಟೇ. ಆಮೇಲೆ ಮಿಸ್ ಮುಂದೆ ಹೋಗಿ ಕೈ ಮುಗಿದಳು. "ತಪ್ಪಾತ್ರೀ ಮೇಡಂ. ನಾನು ನಿಂತು ನೋಡ್ಕೋಬೇಕಿತ್ತು. ತಪ್ಪು ನಂದೇರೀ."

ಅವ್ವನ ಕೈಗಳಿಗೆ ಇನ್ನೂ ಮಣ್ಣು ಮೆತ್ತಿತ್ತು. ಮಮತಾಳಿಗೆ ಆ ಕೈಗಳನ್ನು ನೋಡಲಾಗಲಿಲ್ಲ.

"ಅವ್ವಂದಲ್ಲ ಮಿಸ್," ಎಂದಳು. "ನಾನೇ ಬಿಡಿಸ್ತೀನಿ. ನಾಕೂ ಚಕ್ರದ್ದೂ. ಒಂದು ಎಳೆ ಉಳಿಸಲ್ಲ."

"ನೀ ಬಿಡಿಸೋದ್ರೊಳಗೆ ಸಂಕ್ರಾಂತಿ ಬರ್ತೈತೆ ಬಿಡೇ," ಎಂದಳು ಚೈತ್ರಶ್ರೀ. ಅವಳ ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು.

ನಾಗೇಶ ಜಾಕಿ ಕೊಟ್ಟು ಹಿಂದಿನ ಚಕ್ರ ಎತ್ತಿ, ನಟ್ಟು ಬಿಚ್ಚಿ, ಚಕ್ರವನ್ನು ಕಳಚಿ ಮಲಗಿಸಿದ. ಒಳಗೆ ಅಚ್ಚಿಗೆ ಬಳ್ಳಿ ಗುಂಡಗೆ ಬಿಗಿದುಕೊಂಡಿತ್ತು, ತೋಳಿನಷ್ಟು ದಪ್ಪ. ಅವನು ಎಳೆದ. ಅಲುಗಲಿಲ್ಲ. ನಿಂಗಮ್ಮ ಕುಡಗೋಲಿನಿಂದ ಕೊಯ್ದಳು. ಸಂದಿಯಲ್ಲಿ ಕುಡಗೋಲು ಆಡಲಿಲ್ಲ. ಎಳೆ ಎಳೆಯಾಗಿ ಕೀಳಲು ಹೋದರೆ ಎಳೆ ತುಂಡಾಗಿ ತುದಿ ಇನ್ನೂ ಒಳಗೆ ಸೇರಿಕೊಳ್ಳುತ್ತಿತ್ತು.

ಹೀಗೇ ಅರ್ಧ ಗಂಟೆ ಹೋಯಿತು.

ಮಮತಾ ಅದನ್ನೇ ನೋಡುತ್ತಿದ್ದಳು. ಮಳೆಗಾಲದಲ್ಲಿ ಕುರಿಯ ಹೊಟ್ಟೆಯ ಕೆಳಗೆ ಉಣ್ಣೆ ಕೆಸರು ಹತ್ತಿ ಹೀಗೇ ಗಟ್ಟಿ ಜಡೆಯಾಗುತ್ತದೆ. ಅಪ್ಪ ಅದನ್ನು ಎಳೆಯುವುದಿಲ್ಲ. ಎಳೆದರೆ ಕುರಿ ಒದೆಯುತ್ತದೆ. ಕತ್ತರಿಯ ಮೂತಿಯನ್ನು ಅಡಿಗೆ ತೂರಿಸಿ ಒಂದೇ ಗೆರೆ ಸೀಳುತ್ತಾನೆ. ಆಮೇಲೆ ಇಡೀ ಜಡೆ ಕಂಬಳಿಯ ಹಾಗೆ ಬಿಚ್ಚಿಕೊಳ್ಳುತ್ತದೆ.

ಅವಳು ಹೊಲದ ಗುಡಿಸಲಿಗೆ ಓಡಿದಳು. ಸೂರಿನಲ್ಲಿ ಸಿಕ್ಕಿಸಿದ್ದ ಉಣ್ಣೆ ಕತ್ತರಿ ತಂದಳು. ಅಪ್ಪ ಯಾರಿಗೂ ಮುಟ್ಟಲು ಬಿಡದ ಕತ್ತರಿ.

"ಬೈತಾನೆ ಕಣೇ," ಎಂದಳು ನಿಂಗಮ್ಮ.

"ಬೈಲಿ."

ಮಮತಾ ನೆಲದ ಮೇಲೆ ಮಲಗಿ ಕತ್ತರಿಯ ಮೂತಿ ತೂರಿಸಿದಳು. ಬಳ್ಳಿಯ ಮುಳ್ಳಿನಂಥ ತುದಿಗಳು ಮೊಣಕೈ ಗೀರಿದವು. ಬಿಸಿ ಕಬ್ಬಿಣ ಬೆರಳು ಸುಟ್ಟಿತು. ಕಚ್ ಕಚ್ ಎಂದು ಒಂದೇ ಗೆರೆ ಸೀಳಿದಳು. ಸುರುಳಿ ಬಾಯಿ ಬಿಟ್ಟಿತು. ನಾಗೇಶ ಎಳೆದ. ಅರ್ಧಕ್ಕರ್ಧ ಕಂಬಳಿಯ ಹಾಗೆ ಕೈಗೆ ಬಂತು.

"ಎಲಾ ಇವಳಾ!" ಎಂದ ನಾಗೇಶ. "ನನ್ನ ಗಾಡೀದೇ ಉಣ್ಣೆ ಕತ್ತರಿಸಿದ್ಯಲ್ಲೇ!"

ಆದರೂ ಮೊದಲ ಚಕ್ರ ಮುಗಿಯುವಾಗ ಹತ್ತಾಗಿತ್ತು. ಎರಡನೆಯದು ಮುಗಿಯುವಾಗ ಸೊರಬದಿಂದ ಮಿಸ್‌ಗೆ ಫೋನು ಬಂತು. ಅವರು ಸೇತುವೆಯ ಕಟ್ಟೆಯ ಕಡೆ ತಿರುಗಿ ನಿಂತು ಮಾತಾಡಿದರು. "ಹೌದು ಸರ್. ಇಲ್ಲ ಸರ್, ಆಗಲ್ಲ. ಬೇರೆ ಶಾಲೇನ ಕರೀರಿ ಸರ್."

ಎಂಟು ಹುಡುಗಿಯರೂ ಅದನ್ನು ಕೇಳಿಸಿಕೊಂಡರು. ಒಬ್ಬಳು ತಲೆಯ ಕನಕಾಂಬರ ಕಿತ್ತು ನಾಲೆಗೆ ಎಸೆದಳು. ಹೂವಿನ ದಂಡೆ ತೇಲುತ್ತಾ ಹೋಯಿತು. ಇನ್ನೊಬ್ಬಳು ಬಿಕ್ಕತೊಡಗಿದಳು. ಕೂಗಾಡಿದ್ದರೆ ಮಮತಾ ತಡೆದುಕೊಳ್ಳುತ್ತಿದ್ದಳು. ಈಗ ಯಾರೂ ಕೂಗಾಡಲಿಲ್ಲ.

"ನಡೀರಿ, ಶಾಲೆಗೆ ಹೋಗೋಣ. ಬಿಸಿಯೂಟನಾದ್ರೂ ಸಿಗುತ್ತೆ," ಎಂದರು ಮಿಸ್. "ಚೈತ್ರಾ, ನೀನು ಗಾಡಿ ಹತ್ರ ಇರು. ಸಾಮಾನು ನೋಡ್ಕೊಂಡು ಗಾಡೀಲೇ ಬಾ."

ಹಸಿರು ಸೀರೆಗಳು ಸಾಲಾಗಿ ಅಂಜನಾಪುರದ ಕಡೆ ನಡೆದವು. ನಿಂಗಮ್ಮ ತಲೆ ತಗ್ಗಿಸಿ, ರಸ್ತೆಯಲ್ಲಿ ಉಳಿದ ಹುರುಳಿಯನ್ನು ಅಂಚಿಗೆ ಎಳೆಯಲು ಹೋದಳು.

ಮೂರನೆಯ ಚಕ್ರವೂ ಮುಗಿಯಿತು. ನಾಗೇಶ ಬೆನ್ನು ನೆಟ್ಟಗೆ ಮಾಡಿ ಉಸ್ಸೆಂದ. "ಇದೊಂದು ಮುಂದಿನ ಎಡಗಡೇದು ಅಷ್ಟೇನಿಲ್ಲ. ಊರಿಗೆ ಹೋಗಿ ತೆಕ್ಕೋತೀನಿ. ಸಾಕು ಬಿಡವ್ವ, ಕೈ ನೋಡ್ಕೋ ಹೆಂಗಾಗೈತೆ."

"ಇಲ್ಲಣ್ಣ. ಬಿಚ್ಚು."

"ಇನ್ನು ಯಾರಿಗೋಸ್ಕರ ಹೇಳು? ಹೊತ್ತು ಮೀರಿ ಹೋತಲ್ಲ."

ಮಮತಾ ಜಾಕಿಯನ್ನು ತಾನೇ ಎಳೆದು ತಂದು ಮುಂದಿನ ಚಕ್ರದ ಹತ್ತಿರ ಇಟ್ಟಳು. ನಾಗೇಶ ಅವಳ ಮುಖ ನೋಡಿ, ಸುಮ್ಮನೆ ಚಕ್ರ ಬಿಚ್ಚಿಕೊಟ್ಟು, ಕೈಕಾಲು ತೊಳೆಯಲು ನಾಲೆಗೆ ಇಳಿದ.

ಸೀಳುವುದು ಸುಲಭವಾಯಿತು. ದೊಡ್ಡದೆಲ್ಲ ಬಂತು. ಒಂದು ಸಣ್ಣ ಸುತ್ತು ಮಾತ್ರ ಆಳದಲ್ಲಿ ಉಳಿಯಿತು. ಅಲ್ಲಿಗೆ ಕತ್ತರಿ ಹೋಗಲಿಲ್ಲ, ಬೆರಳು ಎಟುಕಲಿಲ್ಲ. ಅವಳು ಮತ್ತೆ ಮತ್ತೆ ಬೆರಳು ಹಾಕಿದಳು. ಉಗುರಿನ ಬುಡದಲ್ಲಿ ರಕ್ತ ಬಂತು. ಆಗ ಮೊದಲ ಸಲ ಅಳು ಬಂತು. ಜೋರಾಗಿ ಅಲ್ಲ. ಕಣ್ಣಿಂದ ನೀರು ಟಾರಿಗೆ ಬೀಳುತ್ತಿತ್ತು, ಅಷ್ಟೇ.

ಪಕ್ಕದಲ್ಲಿ ಹಸಿರು ಸೀರೆಯ ಅಂಚು ಬಂದು ನಿಂತಿತು.

"ಬೇಕಂತಲೇ ಹಾಕಿದ್ಯಾ?" ಚೈತ್ರಶ್ರೀ ಈಗ ಕೂಗಲಿಲ್ಲ.

ಮಮತಾ ತಲೆಯೆತ್ತಲಿಲ್ಲ. "ಗಾಡಿ ನಿಲ್ಲಲಿ ಅಂತ ಅನ್ಕೊಂಡಿದ್ದೆ. ಒಂದು ನಿಮಿಷ."

"ಒಂದೇ ನಿಮಿಷಾನಾ?"

"ಹ್ಞೂಂ."

"ನಿಂತ್ರೆ ಏನ್ ಮಾಡ್ತಿದ್ದೆ?"

"ಗೊತ್ತಿಲ್ಲ. ಕೋಲು ನೋಡ್ತಿದ್ದೆ."

ದೂರದಲ್ಲಿ ಅವ್ವ ಹುರುಳಿ ಎಳೆಯುವ ಸರಸರ ಸದ್ದು ಮಾತ್ರ ಕೇಳುತ್ತಿತ್ತು. ಚೈತ್ರಶ್ರೀ ಸೀರೆ ಮಡಚಿಕೊಂಡು ಕುಕ್ಕರಗಾಲಲ್ಲಿ ಕೂತು ಒಂದು ಕೋಲು ಮುಂದೆ ಚಾಚಿದಳು. ತುದಿಯಲ್ಲಿ ಕೆಂಪು ರಿಬ್ಬನ್ ಇತ್ತು.

"ತಗೋ. ಇದು ಒಳಗೆ ಹೋಗುತ್ತೆ."

"ಹಾಳಾಗ್ತೈತೆ."

"ಆಗ್ಲಿ."

ಮಮತಾ ರಿಬ್ಬನ್ ಬಿಚ್ಚಿ ಚೈತ್ರಶ್ರೀಗೆ ಕೊಟ್ಟಳು. ಕೋಲಿನ ತುದಿಯನ್ನು ಸಂದಿಗೆ ತೂರಿಸಿ ಮೀಟಿದಳು. ನುಣ್ಣನೆಯ ಕೋಲಿನ ಮೇಲೆ ಕಬ್ಬಿಣ ಗೀರುತ್ತಾ ಹೋಯಿತು. ಅವಳು ಎಣ್ಣೆ ತಿಕ್ಕಿದ ಹೊಳಪೆಲ್ಲ ಸುಲಿದು ಬಿಳಿಯ ಮರ ಕಂಡಿತು. ಅವಳು ಮತ್ತೊಮ್ಮೆ ಮೀಟಿದಳು. ಎಳೆಯ ತುದಿ ಹೊರಗೆ ಇಣುಕಿತು. ಚೈತ್ರಶ್ರೀ ಅದನ್ನು ಹಿಡಿದುಕೊಂಡಳು. ತುಂಡಾಗದ ಹಾಗೆ ಮೆಲ್ಲಗೆ, ಮೆಲ್ಲಗೆ ಎಳೆದಳು.

ಕರ್ರಗೆ ಸುಟ್ಟ ಮಾರುದ್ದದ ಬಳ್ಳಿ ಹೊರಬಂತು. ಅದರ ಕೊನೆಯಲ್ಲಿ ಒಂದು ಕಾಯಿ ಒಡೆಯದೆ ಹಾಗೇ ಉಳಿದಿತ್ತು.

ಮಮತಾ ಬಗ್ಗಿ ಸಂದಿಯೊಳಗೆ ನೋಡಿದಳು. ಸುತ್ತಲೂ ಬೆರಳಾಡಿಸಿ ನೋಡಿದಳು. ಆಮೇಲೆ ಚಕ್ರ ಕೂರಿಸುವ ಆ ಬರಿಯ ಕಬ್ಬಿಣವನ್ನು ಅಂಗೈಯಿಂದ ತಳ್ಳಿದಳು.

ಅದು ಸದ್ದಿಲ್ಲದೆ ತಿರುಗಿತು.